ರವಿಕೆ ತುಂಡುಗಳ ವೈರಿಂಗು

ಗಂಡ ತೀರಿಕೊಂಡ ಮೇಲೆ ಅವನ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎಂಬುದನ್ನು ನಮ್ಮ ಕಡೆ ಯಾರೂ ಹೇಳಿಕೊಡುವುದಿಲ್ಲ, ತಾನಾಗಿ ಬರುತ್ತದೆ. ನಾನೂ ಹಾಗೇ ಆಡುತ್ತೇನೆ, ಕಾರಿನ ಬಾನೆಟ್ಟು ಮುಚ್ಚಿರುವವರೆಗೆ. ಬಾನೆಟ್ಟು ಎತ್ತಿದೆನೋ, ಬಾಯಿ ಹಳೆಯ ದಾರಿಗೇ ಬೀಳುತ್ತದೆ. "ಇದೇನ್ರೀ ಇದು, ವೈರಿಂಗ್ ಮಾಡಿದ್ದೀರೋ, ಶ್ಯಾವಿಗೆ ಒಣಗಾಕಿದ್ದೀರೋ?" ಎಂದು, ಎಂಟು ತಿಂಗಳ ಹಿಂದೆ ಹೋದವರನ್ನು ಬೀದಿಯಲ್ಲಿ ನಿಂತು ಗದರುತ್ತೇನೆ. ಎದುರುಮನೆಯವರು ಪಾಪ, ಕೇಳಿಸದವರಂತೆ ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಕಾರು ಬಿಳಿಯ ಅಂಬಾಸಿಡರ್. ಬಿಳಿ ಎನ್ನುವುದು ಆರ್‌ಸಿ ಪುಸ್ತಕದಲ್ಲಿರುವ ಬಣ್ಣ, ಈಗಿನದು ಹಾಲು ಹೆಚ್ಚಾದ ಟೀ. ನಮ್ಮ ಮನೆಯವರು ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಹೊಗೆಸೊಪ್ಪಿನ ಹರಾಜು ನಡೆಯುವಾಗ ರೈತರನ್ನು ಹುಣಸೂರಿಗೆ ಕರೆತರುವುದು, ಉಳಿದ ಕಾಲದಲ್ಲಿ ಹೆಣ್ಣು ನೋಡುವವರನ್ನು ಹ್ಯಾಂಡ್‌ಪೋಸ್ಟು, ಸರಗೂರು ಎಂದು ಊರೂರು ಸುತ್ತಿಸುವುದು. ಒಮ್ಮೆ ಸರಗೂರಿನಲ್ಲಿ ಈ ಕಾರಿನಿಂದ ಒಬ್ಬೊಬ್ಬರಾಗಿ ಒಂಬತ್ತು ಜನ ಇಳಿದದ್ದನ್ನು ನೋಡಿ, ಹೆಣ್ಣಿನ ತಾಯಿ ಉಪ್ಪಿಟ್ಟಿನ ಪಾತ್ರೆಗೆ ಇನ್ನೆರಡು ಚೊಂಬು ನೀರು ಸುರಿದರಂತೆ. ಗಂಡು ಒಪ್ಪಿದ, ಉಪ್ಪಿಟ್ಟನ್ನು ಮಾತ್ರ ಯಾರೂ ಒಪ್ಪಲಿಲ್ಲ ಎಂದು ಇವರು ಹೇಳಿ ನಗುತ್ತಿದ್ದರು. ನನಗೂ ಕಾರು ಕಲಿಸಿದವರು ಇವರೇ. ನಾನು ರವಿಕೆ ಹೊಲಿಯುವವಳು, ಕಾಲು ಸುಮ್ಮನಿರುವುದಿಲ್ಲ. "ಅದು ಕ್ಲಚ್ಚು ಕಣೇ, ಒಲಿಗೆ ಮಿಷನ್ನಲ್ಲ!" ಎಂದು ಕೂಗುತ್ತಲೇ ಕಲಿಸಿದರು.

ಅವರು ತೀರಿಕೊಂಡ ತಿಂಗಳಲ್ಲೇ ಕಾರಿಗೆ ರೋಗ ಶುರುವಾಯಿತು. ಎಡಗಡೆಯ ಸಿಗ್ನಲ್ ಹಾಕಿದರೆ ಮುಂದಿನ ಲೈಟುಗಳೆಲ್ಲ ಒಟ್ಟಿಗೆ ಮಿಟುಕುತ್ತವೆ. ಹೆಡ್‌ಲೈಟ್ ಹಾಕಿದರೆ ಅದು ಕಣ್ಣು ಅರೆ ಮುಚ್ಚುತ್ತದೆ, ಬದಲಿಗೆ ಎರಡೂ ಕಡೆಯ ಸಿಗ್ನಲ್ ಬೆಳಗುತ್ತದೆ. ಹಾರ್ನು ಒತ್ತಿದರೆ ಗಂಟಲು ಕಟ್ಟಿದ ಎಮ್ಮೆಯ ದನಿ. ಒಮ್ಮೆ ಎಡಕ್ಕೆ ತಿರುಗಲು ಸಿಗ್ನಲ್ ಹಾಕಿದಾಗ ಎದುರಿನ ಬಸ್ಸಿನ ಡ್ರೈವರು ತಾನೂ ಲೈಟು ಮಿಟುಕಿಸಿ, ಬಸ್ಸು ನಿಲ್ಲಿಸಿ, "ಯಾವೂರವ್ವ? ನಮ್ ಕಡೆಯೋರಾ?" ಎಂದು ವಿಚಾರಿಸಿಕೊಂಡ. ಎದುರುಮನೆ ಗೌರಮ್ಮ, "ಯಜಮಾನ್ರು ಓದ್ಮೇಲೆ ಅದುಕ್ಕೂ ಸಂಕ್ಟ ಕಣವ್ವ. ಮೂಗ್ ಜೀವ" ಎಂದರು. ನಾನು ಹೊರಗೆ ನಕ್ಕೆ. ಒಳಗೆ ಸ್ವಲ್ಪ ನಂಬಿದೆ.

ನಂಬದವನು ಮೈದುನ ಮಂಜಪ್ಪ. ಪಿರಿಯಾಪಟ್ಟಣದಿಂದ ಬಂದವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅತ್ಗೆ, ಇದ್ನ ಗುಜ್ರಿಗಾಕ್ಬುಡಿ. ಅಣ್ಣನ ನೆನಪಿಗೆ ಬೇಕಾರೆ ಸ್ಟೇರಿಂಗ್ ಬಿಚ್ಚಿ ಮಡಿಕಳಿ" ಎಂದ.

"ಬರೀ ಸ್ಟೇರಿಂಗ್ ಇಡ್ಕಂಡು ಎಲ್ಲಿಗೋಗ್ಲಿ ಮಂಜಪ್ಪ?"

ಅವನಿಗೆ ನಗು ಬಂತು. ಆದರೂ ಬಿಡಲಿಲ್ಲ. ಅವನ ಹೆದರಿಕೆಯಲ್ಲಿ ತಪ್ಪಿರಲಿಲ್ಲ, ಇಂಥ ಲೈಟು ಕಟ್ಟಿಕೊಂಡು ನಾನು ರಸ್ತೆಗೆ ಇಳಿಯುವುದು ಅವನಿಗೆ ಬೇಡ. "ಸರಿ ಬುಡಿ. ಬರೋ ಭಾನ್ವಾರ ನೀವೇ ಓಡಿಸ್ಕಂಡು ನಮ್ಮನೆಗೆ ಬನ್ನಿ. ಲೈಟು, ಆರ್ನು, ಸಿಂಗ್ನಲ್ಲು ಎಲ್ಲಾ ನನ್ ಮುಂದೆ ತೋರ್ಸಿ. ಸರ್ಯಾಗಿದ್ರೆ ಗುಜ್ರಿ ಮಾತೇ ಎತ್ತಲ್ಲ. ಇಲ್ಲಾಂದ್ರೆ ಸೋಮ್ವಾರ ನಾನೇ ಬಂದು ಎಳ್ಕಂಡೋಯ್ತೀನಿ" ಎಂದು ಹೇಳಿ ಹೋದ.

ಸೇತುವೆಯ ಹತ್ತಿರ ಅಂಗಡಿ ಇಟ್ಟಿರುವ ಖಾದರ್ ಭಾಯಿ ಹಳೆಯ ಗಾಡಿಗಳ ವೈರಿಂಗಿಗೆ ಹೆಸರಾದವರು. ಕೈಯನ್ನೇ ಕಿಟಕಿಯಿಂದ ಹೊರಗೆ ಹಾಕಿ ಸಿಗ್ನಲ್ ತೋರಿಸುತ್ತ ಅಲ್ಲಿಗೆ ಒಯ್ದೆ. ಅವರು ಬಾನೆಟ್ಟು ಎತ್ತಿ, ಒಂದು ವೈರಿನ ಜಾಡು ಹಿಡಿದು ಬಗ್ಗಿದರು. "ಅಕ್ಕಾ, ಅಣ್ಣೋರು ಯಾವ್ ಬಣ್ಣದ ವೈರ್ ಸಿಕ್ತೋ ಅದ್ನೇ ಹಾಕವ್ರೆ. ನಾನು ಕೆಂಪು ಇಡ್ಕಂಡ್ ಹೊಂಟ್ರೆ ಅಲ್ಲಿ ಹೋಗಿ ಹಳದಿ ಆಗೈತೆ. ಎಲ್ಲಾ ಕಿತ್ತಾಕಿ ಹೊಸಾ ಸೆಟ್ ಎಳ್ದ್‌ಬಿಡ್ತೀನಿ."

ಹೊಸ ಸೆಟ್ಟು ಎಂದರೆ ನಮ್ಮ ಮನೆಯವರ ಕೈ ಹಾಕಿದ ಒಂದು ಗಂಟೂ ಉಳಿಯುವುದಿಲ್ಲ. ಇದನ್ನು ಹೇಳುವುದು ಹೇಗೆ? "ಬೇಡ ಭಾಯ್, ಹೊಸ ವೈರಿನ ವಾಸ್ನೆ ನಂಗಾಗಲ್ಲ" ಎಂದೆ.

"ವಾಸ್ನೇನಾ?" ಖಾದರ್ ಭಾಯಿ ನನ್ನ ಮುಖ ನೋಡಿದರು. ಆಮೇಲೆ ಇನ್ನೇನೂ ಕೇಳದೆ ವೈರುಗಳ ಒಳಗೆ ತಲೆ ಹಾಕಿದರು. "ಹಂಗಾದ್ರೆ ಇದ್ಯಾವುದು, ಅದ್ಯಾವುದು ಅಂತ ನೀವೇ ಹೇಳ್ಬೇಕು. ಒಂದೊಂದು ವೈರಿಗೂ ಒಂದೊಂದು ಚಿಂದಿ ಬೇರೆ ಕಟ್ಟವ್ರಲ್ಲ, ಹರಕೆ ಹೊತ್ಕಂಡಿದ್ರಾ?"

ಬಗ್ಗಿ ನೋಡಿದೆ. ಗಿಣಿಹಸಿರಿನ ಮೇಲೆ ಕೆಂಪು ಚುಕ್ಕಿಯ ರವಿಕೆ ತುಂಡು. "ಅಯ್ಯೋ, ಇದು ಗೌರಮ್ಮನ ಜಾಕೀಟು!" ಎಂದು ನನಗರಿವಿಲ್ಲದೆ ಕೂಗಿದೆ. ನನಗೆ ಗಿರಾಕಿಯ ಮುಖ ಮರೆತೀತು, ಬಟ್ಟೆ ಮರೆಯುವುದಿಲ್ಲ. ಕತ್ತರಿಸಿ ಉಳಿದ ತುಂಡುಗಳು ಮಿಷನ್ನಿನ ಕೆಳಗಿಂದ ಮಾಯವಾಗುವುದನ್ನು ವರ್ಷಗಟ್ಟಲೆ ಇಲಿಯ ತಲೆಗೆ ಕಟ್ಟಿದ್ದೆ. ಖಾದರ್ ಭಾಯಿ ಆ ವೈರನ್ನು ಎಳೆದುಕೊಂಡು ಹೋದರೆ ಅದು ಹಾರ್ನಿಗೆ ಮುಟ್ಟಿತು. ಗೌರಮ್ಮ ಮನೆಯಲ್ಲಿ ಕೂತು ಮಾತಾಡಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ.

ಆಮೇಲೆ ದಾರಿ ತೆರೆದುಕೊಂಡಿತು. ನೇರಳೆ ತುಂಡು ಸರೋಜಮ್ಮನದು, ಮುಕ್ಕಾಲು ಮೀಟರ್ ಬಟ್ಟೆ ತಂದು ಒಂದು ಮೀಟರೆಂದು ಸಾಧಿಸುವವರು. ಅದು ಪೆಟ್ರೋಲ್ ಮುಳ್ಳಿಗೆ ಹೋಗಿತ್ತು. ತೋಳು ಸ್ವಲ್ಪ ಉದ್ದ ಇಡಲೇ, ಕುತ್ತಿಗೆ ಇಳಿಸಲೇ ಎಂದು ಏನು ಕೇಳಿದರೂ ಬೇಡ ಬೇಡ ಎಂದು ತಲೆಯಾಡಿಸುವ ಟೀಚರಮ್ಮನ ಕೇಸರಿ ಅಂಚು ವೈಪರಿನಲ್ಲಿತ್ತು. ನಾನು ಹೆಸರು ಹೇಳುವುದು, ಖಾದರ್ ಭಾಯಿ ನಗುತ್ತ ಪರೀಕ್ಷೆ ಮಾಡುವುದು. ಹೊಲಿದ ನಾನು ಅಳತೆ ಮಾತ್ರ ತೆಗೆದುಕೊಂಡಿದ್ದೆ. ಇವರು ಜಗಲಿಯಲ್ಲಿ ಪೇಪರ್ ಓದುತ್ತ ಕೂತು ಜನರನ್ನೇ ಅಳೆದಿದ್ದರು.

ವೈರುಗಳೆಲ್ಲ ಸರಿಯಾಗಿಯೇ ಇದ್ದವು. "ಅಣ್ಣೋರ್ದು ಒಂದೂ ತಪ್ಪಿಲ್ಲ ಅಕ್ಕಾ. ಅರ್ಥಿಂಗ್ ಹೋಗೈತೆ. ಕರೆಂಟು ಬಲ್ಬಿಗೆ ಹೋದ್ರೆ ಸಾಲ್ದು, ವಾಪಸ್ ಬರೋಕೂ ದಾರಿ ಬೇಕು. ಗಾಡಿ ತಗಡೇ ಆ ದಾರಿ. ಅದು ಸಿಗ್ಲಿಲ್ಲಾಂದ್ರೆ ಕರೆಂಟು ಸಿಕ್ ಸಿಕ್ದೋರ ಮನೆ ಬಾಗ್ಲು ತಟ್ತೈತೆ."

ಎಂಟು ತಿಂಗಳಿಂದ ಸಂಜೆಯಾದರೆ ಬೀದಿಯ ಒಂದೊಂದು ಮನೆಯಲ್ಲೂ ಕಾಫಿ ಕುಡಿದು ಬರುವವಳು ನಾನು.

ಖಾದರ್ ಭಾಯಿ ರೇಡಿಯೇಟರಿನ ಪಕ್ಕ ಕೈ ಇಳಿಸಿದರು. ಮುಂದಿನ ಲೈಟು, ಹಾರ್ನುಗಳ ವಾಪಸು ವೈರೆಲ್ಲ ಅಲ್ಲಿ ಒಂದೇ ತುದಿಯಾಗಿ, ಒಂದು ಬೋಲ್ಟಿನಡಿ ತಗಡಿಗೆ ಸೇರುತ್ತವೆ. ಬಿಚ್ಚಿ ತೆಗೆದು, ಬೆಳಕಿಗೆ ಹಿಡಿದರು. "ಅರೆ! ಯಾರೋ ವೈರಿಗೆ ಅಂಗಿ ಹೊಲ್ದವ್ರೆ! ತಗಡಿಗೆ ತಗಲ್ದಂಗೆ ಮಡಿಚಿ, ಬೋಲ್ಟಿಗೆ ತೂತು ಬಿಟ್ಟು..."

"ಅವರೇ ಏನಾದ್ರೂ ಮಾಡಿರ್ಬೇಕು" ಎಂದೆ.

ಖಾದರ್ ಭಾಯಿ ತೂತಿನ ಸುತ್ತಲಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಅಣ್ಣೋರ್ಗೆ ಕಾಜಾ ಹೊಲಿಯೋಕೆ ಬತ್ತಿತ್ತಾ ಅಕ್ಕಾ?"

ಬರುತ್ತಿರಲಿಲ್ಲ. ಅಂಗಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ತಿಥಿ ಮುಗಿದ ಮಾರನೆಯ ದಿನ, ನೆಂಟರೆಲ್ಲ ಹೊರಟ ಮೇಲೆ, ಸುಮ್ಮನೆ ಕೂರಲಾರದೆ ನಾನು ಬಾನೆಟ್ಟು ಎತ್ತಿದ್ದೆ. ಎಲ್ಲ ವೈರಿಗೂ ಮೈತುಂಬ ಹೊದಿಕೆ ಇದೆ, ಇದೊಂದರ ತುದಿ ಮಾತ್ರ ಬೆತ್ತಲಾಗಿ ತಗಡಿಗೆ ಅಂಟಿಕೊಂಡಿದೆ. ಮರೆತಿದ್ದಾರೆ, ಪಾಪ, ಮಳೆಗೆ ಕರೆಂಟು ಹೊಡೆದೀತು ಎಂದುಕೊಂಡು, ನನ್ನದೇ ಬೂದುಬಣ್ಣದ ರವಿಕೆ ಬಟ್ಟೆಯಲ್ಲಿ ಹೊದಿಕೆ ಹೊಲಿದು, ಬೋಲ್ಟಿಗೆ ಕಾಜಾ ಬಿಟ್ಟು, ಬಿಗಿ ಮಾಡಿದ್ದೆ. ಅವರು ಬಿಟ್ಟುಹೋದ ಕೆಲಸ ಮುಗಿಸಿದೆನೆಂದು ಆ ದಿನ ಸ್ವಲ್ಪ ಊಟವೂ ಸೇರಿತ್ತು. ಕಾರಿನ ದುಃಖ ಶುರುವಾದದ್ದು ಅವತ್ತಿನಿಂದಲೇ.

ಎಲ್ಲವನ್ನೂ ಖಾದರ್ ಭಾಯಿಗೆ ಹೇಳಿದೆ. ಅವರು ನಗಲಿಲ್ಲ. ತಗಡನ್ನು ಉಜ್ಜುಕಾಗದದಿಂದ ಹೊಳೆಯುವಂತೆ ಉಜ್ಜಿ, ಬೆತ್ತಲೆ ತುದಿಯನ್ನೇ ಬಿಗಿದರು. ಹೊದಿಕೆಯನ್ನು ಮಡಿಸಿ ನನ್ನ ಕೈಗೆ ಕೊಡುತ್ತ, "ಹೊಲಿಗೆ ಮಾತ್ರ ಪಸಂದಾಗೈತೆ" ಎಂದರು.

ಭಾನುವಾರ ಬೆಳಿಗ್ಗೆ ಪಿರಿಯಾಪಟ್ಟಣದಲ್ಲಿ ಮಂಜಪ್ಪನ ಮನೆಯ ಮುಂದೆ ಲೈಟು, ಸಿಗ್ನಲ್ಲು, ಹಾರ್ನು ಎಲ್ಲ ಪರೀಕ್ಷೆ ಪಾಸಾದವು. ಗುಜರಿಯ ಮಾತು ಅಲ್ಲಿಗೆ ಮುಗಿಯಿತು. ಅವನು ಬಾನೆಟ್ಟು ಮುಚ್ಚಿ, ಅಣ್ಣನ ಬೆನ್ನು ತಟ್ಟುವಂತೆ ಅದನ್ನು ಎರಡು ಸಲ ತಟ್ಟಿದ.

"ಅಲ್ಲಾ ಅತ್ಗೆ, ಏನಾಗಿತ್ತಂತೆ ಇದುಕ್ಕೆ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಮೂವತ್ತು ವರ್ಷ ಮನೆಯಲ್ಲಿ ಹಾಲು ಉಕ್ಕಿದರೂ, ಬೀಗದಕೈ ಕಳೆದರೂ ಒಬ್ಬರ ಹೆಸರನ್ನೇ ಹೇಳಿ ಅಭ್ಯಾಸವಾದ ನಾಲಿಗೆ.

"ನಿಮ್ಮಣ್ಣ ಅರ್ಥಿಂಗ್ ವೈರಿಗೆ ಬಟ್ಟೆ ಸುತ್ತಿದ್ರು" ಎಂದೆ.

ಅವರು ಎಂದಿನಂತೆ ಎದುರು ಮಾತಾಡಲಿಲ್ಲ.