ಐದು ಮನೆಯ ಕಷಾಯದ ಪುಡಿ

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿರುವ ನಾನು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಜಗತ್ತಿನಲ್ಲಿ ಅಳತೆಗೆ ಸಿಗದ ವಸ್ತುವೇ ಇಲ್ಲವೆಂದು ಮಕ್ಕಳ ಮುಂದೆ ಬೀಗುತ್ತಿದ್ದ ನನಗೆ ಈ ಚಳಿಗಾಲದಲ್ಲಿ ಮಣ್ಣು ಮುಕ್ಕಿಸಿದ್ದು ಒಂದು ಹಿಡಿ ಕಷಾಯದ ಪುಡಿ. ನಮ್ಮ ದೊಡ್ಡಬಳ್ಳಾಪುರದಲ್ಲಿ ದೀಪಾವಳಿ ಮುಗಿಯಿತೆಂದರೆ ಮಗ್ಗದ ಸದ್ದಿನ ಜೊತೆಗೆ ಕೆಮ್ಮಿನ ಸದ್ದೂ ಸೇರಿಕೊಳ್ಳುತ್ತದೆ. ಹಾಜರಿ ಕರೆದರೆ ಅರ್ಧ ಮಕ್ಕಳು ‘ಎಸ್ ಮಿಸ್’ ಅನ್ನುವ ಬದಲು ಸೀನುತ್ತಾರೆ. ಫೋನ್ ತೆರೆದರೆ ಊರಿನವರೆಲ್ಲ ವೈದ್ಯರು. ಒಬ್ಬರು ಬೆಳ್ಳುಳ್ಳಿ ನುಂಗಿ ಅನ್ನುತ್ತಾರೆ, ಇನ್ನೊಬ್ಬರು ಬೆಳ್ಳುಳ್ಳಿ ಮೂಸಿದರೆ ಸಾಕು ಅನ್ನುತ್ತಾರೆ. ಎಲ್ಲರ ಬಾಯಲ್ಲೂ ಇಮ್ಯುನಿಟಿ. ನಮ್ಮತ್ತೆ ಪುಟ್ಟಲಕ್ಷ್ಮಮ್ಮನವರಿಗೆ ಆ ಪದ ಕೊನೆಯವರೆಗೂ ಗೊತ್ತಿರಲಿಲ್ಲ. ಅವರು ಅದನ್ನು ಮೈಯಲ್ಲಿನ ಕಸುವು ಅನ್ನುತ್ತಿದ್ದರು. ಆ ಕಸುವು ಬರುವುದು ತಾವು ಕುಟ್ಟಿದ ಪುಡಿಯಿಂದ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಕಾರ್ತಿಕ ಮಾಸದಲ್ಲಿ ಒಂದು ದಿನ ಹಿತ್ತಲಿನ ಒರಳಿನ ಮುಂದೆ ಅವರು ಕೂತರೆಂದರೆ ಬೀದಿಯ ಕೊನೆಯವರೆಗೂ ಘಾಟು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿ, ಹಿಪ್ಪಲಿ, ಅರಿಶಿನದ ಕೊಂಬು, ಇನ್ನೂ ಏನೇನೋ. ಕುಟ್ಟಿ, ತೆಳು ಬಟ್ಟೆಯಲ್ಲಿ ಶೋಧಿಸಿ, ಹಳೆಯ ಉಪ್ಪಿನಕಾಯಿ ಬಾಟಲಿಗಳಿಗೆ ತುಂಬಿ, ಬಾಯಿಗೆ ಬಟ್ಟೆ ಸುತ್ತಿ ಕೆಂಪು ದಾರ ಕಟ್ಟುತ್ತಿದ್ದರು. ಆಮೇಲೆ ಐದು ದಿನ ಅವರ ಸಂಚಾರ. ದಿನಕ್ಕೊಂದು ಮನೆ. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು ಸಂಜೆ ನಾಲ್ಕಕ್ಕೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ನನಗೆ ನಗು ಬರುತ್ತಿತ್ತು. “ಒಂದು ಬಾಟ್ಲಿ ಕೊಡೋಕೆ ಐದು ನಿಮಿಷ ಸಾಕಲ್ವಾ ಅತ್ತೆ” ಎಂದು ಒಮ್ಮೆ ಕೇಳಿದೆ. “ನಿನಗೆ ಸಾಕಾಗ್ತದೆ ಬಿಡವ್ವ” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಹೊಗಳಿದರೋ ತೆಗಳಿದರೋ ಎಂದು ಆಗ ಯೋಚಿಸಲಿಲ್ಲ.

ಅಳತೆ ಕೇಳಿದರೆ ಮಾತ್ರ ಅವರಿಗೆ ರೇಗುತ್ತಿತ್ತು. “ಮೆಣಸು ಎಷ್ಟು ಗ್ರಾಂ ಹಾಕ್ತೀರಿ?” ಎಂದರೆ, “ಕೈ ಸಾಕು ಅನ್ನೋವರ್ಗೂ” ಅನ್ನುತ್ತಿದ್ದರು. ನಾನು ಬಿಡುವವಳಲ್ಲ. ಒಂದು ವರ್ಷ ಅವರ ಹಿಡಿಯಲ್ಲಿದ್ದ ಮೆಣಸನ್ನು ಅಡುಗೆಮನೆಯ ತಕ್ಕಡಿಗೆ ಸುರಿಸಿಕೊಂಡು ತೂಗಿದೆ. ಮೂರು ಸಲ ತೂಗಿದರೆ ಮೂರು ಲೆಕ್ಕ. “ನೋಡಿ, ಒಂದಕ್ಕೊಂದು ತಾಳೆಯಾಗ್ತಿಲ್ಲ” ಎಂದೆ. “ಮೆಣಸೂ ವರ್ಷಾವರ್ಷ ಒಂದೇ ಥರ ಇರ್ತದಾ?” ಎಂದರು. ನಾನು ಮೂರೂ ಲೆಕ್ಕವನ್ನು ಬರೆದಿಟ್ಟುಕೊಂಡೆ.

ಕಳೆದ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು. ಹತ್ತೊಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಒಬ್ಬರನ್ನೊಬ್ಬರು ಸಹಿಸಿಕೊಂಡ ಮೇಲೆ ಅವರಿಲ್ಲದ ಅಡುಗೆಮನೆಯನ್ನು ಸಹಿಸುವುದು ಎಷ್ಟು ಕಷ್ಟವೆಂದು ನನಗೆ ಮೊದಲೇ ಗೊತ್ತಿರಲಿಲ್ಲ. ಕಾರ್ತಿಕ ಬಂತು. ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಿದ್ದಾಗ ಎದುರು ಮನೆಯ ಗೌರಮ್ಮ ಗೇಟಿಗೆ ಬಂದು, “ಈ ಸಲ ಪುಡಿ ಇಲ್ಲ ಅನ್ನು” ಎಂದರು. ಅವರು ಕೇಳಿದ್ದು ಮೆಲ್ಲಗೆ, ನನಗೆ ನಾಟಿದ್ದು ಜೋರಾಗಿ. ಪುಟ್ಟಲಕ್ಷ್ಮಮ್ಮನ ಜೊತೆ ಪುಡಿಯೂ ಹೋಯಿತು, ಸೊಸೆಗೆ ಅದೊಂದು ಉಳಿಸಿಕೊಳ್ಳಲು ಆಗಲಿಲ್ಲ ಎಂದು ಬೀದಿ ಆಡಿಕೊಳ್ಳಬಾರದು. “ಇದೆ ಗೌರಮ್ಮ, ಭಾನುವಾರ ಕೊಡ್ತೀನಿ” ಎಂದುಬಿಟ್ಟೆ.

ಮಾಡಿದೆ. ಒರಳು ಬಿಟ್ಟು ಮಿಕ್ಸಿಯಲ್ಲಿ. ಮೆಣಸಿಗೆ ನನ್ನ ಮೂರು ತೂಕಗಳ ಸರಾಸರಿ ತೆಗೆದು, ಉಳಿದದ್ದನ್ನು ಅದರ ಅಂದಾಜಿನಲ್ಲಿ ಹಾಕಿ, ನೂರು ನೂರು ಗ್ರಾಮಿನ ಐದು ಪೊಟ್ಟಣ ಕಟ್ಟಿ, ಮೇಲೆ ಚೀಟಿ ಅಂಟಿಸಿದೆ. ಒಂದು ಚಮಚ ಪುಡಿ, ಎರಡು ಲೋಟ ನೀರು, ಅರ್ಧಕ್ಕೆ ಇಳಿಸಿ ಬೆಲ್ಲ ಹಾಕಿ ಕುಡಿಯತಕ್ಕದ್ದು. ಸ್ಕೂಟರಿನಿಂದ ಇಳಿಯದೆ, ಹೆಲ್ಮೆಟ್ ತೆಗೆಯದೆ ಐದು ಗೇಟಿಗೂ ಪೊಟ್ಟಣ ತಲುಪಿಸಿ ಬಂದೆ. ಎಲ್ಲ ಸೇರಿ ಇಪ್ಪತ್ತೆರಡು ನಿಮಿಷ. ಅತ್ತೆಯ ಐದು ದಿನದ ಕೆಲಸ. ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು.

ಎರಡು ದಿನ ಬಿಟ್ಟು ಗೌರಮ್ಮನನ್ನು ಕೇಳಿದೆ. “ಚೆನ್ನಾಗೈತೆ ಕಣವ್ವ. ಆದ್ರೆ ನಿಮ್ಮತ್ತೆದು ಥರ ಇಲ್ಲ” ಎಂದರು. ಹಿಂದಿನ ಬೀದಿಯ ಮೆಹರುನ್ನೀಸಾ, ಅತ್ತೆಯನ್ನು ಅಕ್ಕ ಅಕ್ಕ ಎಂದು ಕರೆಯುತ್ತಿದ್ದವರು, ಮಾರ್ಕೆಟ್ಟಿನಲ್ಲಿ ಸಿಕ್ಕಿದಾಗ ನನ್ನ ಕೈ ಹಿಡಿದು, “ಏನೋ ಒಂದು ಕಮ್ಮಿ ಐತೆ ಬೇಟಿ. ಏನಂತ ಹೇಳೋಕೆ ಬರಲ್ಲ” ಎಂದರು. ಉಳಿದ ಮೂರು ಮನೆಯದೂ ಇದೇ ತೀರ್ಪು. ನನ್ನ ಹಟ ಕೆರಳಿತು. ಒಂದು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ. ಎರಡನೆಯ ಸಲ ಹಿಪ್ಪಲಿ ಹೆಚ್ಚಿಸಿದೆ, ಜೀರಿಗೆ ಹುರಿದು ಹಾಕಿದೆ. ಅದೇ ತೀರ್ಪು. ಮೂರನೆಯ ಸಲ ಮಿಕ್ಸಿ ಬಿಟ್ಟು ಒರಳಿಗೇ ಕೂತು, ಮೂರು ದಿನ ತೋಳು ಎತ್ತಲಾಗದೆ ಬೋರ್ಡಿನ ಕೆಳಭಾಗದಲ್ಲಷ್ಟೇ ಲೆಕ್ಕ ಬಿಡಿಸಿದೆ. ಪ್ರತಿ ಪ್ರಯೋಗಕ್ಕೂ ಮೊದಲ ಬಲಿ ನಮ್ಮ ಯಜಮಾನರು. ದೇವನಹಳ್ಳಿಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿ ದಿನವಿಡೀ ಜನರ ದೂರು ಕೇಳಿಸಿಕೊಂಡು ಬರುವ ಮನುಷ್ಯ, ಮನೆಯಲ್ಲಿ ಮಾತು ಕಡಿಮೆ. “ಹೇಳ್ರೀ, ಅಮ್ಮ ಮಾಡ್ತಿದ್ದ ಹಾಗಿದೆಯಾ?” ಎಂದರೆ, “ಅಮ್ಮ ಕೊಟ್ಟಾಗ ಮೂಗು ಮುಚ್ಕೊಂಡು ಕುಡೀತಿದ್ದೆ. ನನಗೇನು ಗೊತ್ತು?” ಎಂದು ಲೋಟ ಕೆಳಗಿಟ್ಟರು.

ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಮೂರನೆಯ ಪುಡಿಯನ್ನು ಚೀಲದಲ್ಲಿ ಹಾಕಿಕೊಂಡು, ಇವತ್ತು ಇತ್ಯರ್ಥ ಮಾಡಿಕೊಂಡೇ ಬರುವುದೆಂದು ಗೌರಮ್ಮನ ಮನೆಗೆ ಹೋದೆ. ಎದುರು ಮನೆಗೆ ಸ್ಕೂಟರು ಬೇಕಿರಲಿಲ್ಲ. ಅವರು ಪಡಸಾಲೆಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. “ಏನು ಕಮ್ಮಿ ಅಂತ ಸರಿಯಾಗಿ ಹೇಳಿ ಗೌರಮ್ಮ” ಎಂದೆ. “ಕೂತ್ಕೋ ಮೊದ್ಲು” ಎಂದು ಅರ್ಧ ರಾಶಿಯನ್ನು ನನ್ನ ಕಡೆ ತಳ್ಳಿದರು. ಸುಲಿಯುವ ಕಾಯಿ ಮುಂದಿಟ್ಟುಕೊಂಡು ಎದ್ದು ಹೋಗುವುದು ನಮ್ಮ ಕಡೆ ಆಗದ ಮಾತು. ಕೂತೆ. ಅವರೆಯ ಸೊಗಡು ಕೈಗೆ ಹತ್ತಿತು. ಗೌರಮ್ಮ ಮಾತಿಗೆ ಶುರುವಿಟ್ಟರು. ಅತ್ತೆ ಇದೇ ಕಂಬಕ್ಕೆ ಒರಗಿ ಕೂರುತ್ತಿದ್ದರಂತೆ. ಶಿವಗಂಗೆ ಬೆಟ್ಟ ಹತ್ತುವಾಗ ಒಮ್ಮೆ ಇಬ್ಬರೂ ದಾರಿಯಲ್ಲೇ ಕೂತು, ಇನ್ನು ಮೇಲಕ್ಕೆ ಹೋಗುವುದು ಬೇಡ, ದೇವರಿಗೆ ಇಲ್ಲಿಂದಲೂ ಕಾಣುತ್ತೇವೆ ಎಂದು ಬುತ್ತಿ ಬಿಚ್ಚಿದ್ದರಂತೆ. “ನಿನ್ನ ವಿಷ್ಯ ಎಷ್ಟು ಹೇಳೋಳು ಅಂತೀಯಾ. ನಮ್ ಸೊಸೆ ಮೆಣಸನ್ನೂ ತೂಗ್ತಾಳೆ ಕಣೇ, ಬಿಟ್ರೆ ನನ್ನೂ ತೂಗ್ತಾಳೆ ಅನ್ನೋಳು. ಅಂದ್ಬುಟ್ಟು ತಾನೇ ನಗೋಳು.” ನನಗೂ ನಗು ಬಂತು. ತಲೆ ಎತ್ತದೆ ಕಾಯಿ ಸುಲಿದೆ.

ಒಂದು ಗಂಟೆಯ ಮೇಲೆ ಎದ್ದೆ. ಗೌರಮ್ಮ ಬಾಗಿಲವರೆಗೂ ಬಂದು, “ಈ ಸಲ ಪುಡಿ ಸರಿಯಾಗೈತೆ ಕಣವ್ವ. ಥೇಟ್ ನಿಮ್ಮತ್ತೆದೇ” ಎಂದರು. ನಾನು ಬೀದಿಯ ಮಧ್ಯದಲ್ಲಿ ನಿಂತು ಚೀಲ ನೋಡಿಕೊಂಡೆ. ಪೊಟ್ಟಣ ಇನ್ನೂ ಅದರೊಳಗೇ ಇತ್ತು.

ದಡ್ಡರಿಗೂ ಒಂದು ಹಂತದಲ್ಲಿ ಅರ್ಥವಾಗುತ್ತದೆ. ನೋಟ್‌ಬುಕ್ಕು ಎತ್ತಿಟ್ಟು, ನಾನೂ ಪೆಟ್ಟಿಗೆಯಿಂದ ಒಂದು ಒಳ್ಳೆಯ ಸೀರೆ ತೆಗೆದು, ಉಳಿದ ನಾಲ್ಕು ಮನೆಗೂ ನಾಲ್ಕು ಸಂಜೆ ನಡೆದೇ ಹೋದೆ. ಮೆಹರುನ್ನೀಸಾ ಮನೆಯಲ್ಲಿ ಶುಂಠಿ ಚಹಾ ಕುಡಿದೆ. ಅವರ ಮೊಮ್ಮಗಳು ಸುರಿಯುವ ಮೂಗಿನೊಂದಿಗೆ ಬಂದು ನನ್ನ ತೊಡೆಯೇರಿ, ನನ್ನ ಸೆರಗಿನಲ್ಲೇ ಅದನ್ನು ಒರೆಸಿಕೊಂಡಳು. ಇನ್ನೊಂದು ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಸರದಿಯ ಮೇಲೆ ಕೆಮ್ಮುತ್ತಾ ನನಗೆ ಕೋಡುಬಳೆ ಕೊಟ್ಟರು. ಎಲ್ಲ ಮನೆಯಲ್ಲೂ ಪುಡಿ ಪಾಸಾಯಿತು. ಐದನೆಯ ದಿನ ನನಗೆ ನೂರಾಎರಡು ಜ್ವರ ಬಂತು. ಊರಿಗೆಲ್ಲ ಕಸುವು ಹಂಚಲು ಹೋದವಳು ಐದು ಮನೆಯ ನೆಗಡಿಯನ್ನೂ ಒಟ್ಟುಗೂಡಿಸಿಕೊಂಡು ಬಂದಿದ್ದೆ.

ಸುದ್ದಿ ಹಬ್ಬಲು ತಡವಾಗಲಿಲ್ಲ. ಮಾರನೆಯ ದಿನ ಗೌರಮ್ಮ ಹುರುಳಿಕಟ್ಟಿನ ಸಾರು ತಂದರು. ಮೆಹರುನ್ನೀಸಾ ನಾಟಿಕೋಳಿಗೆ ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿದ ಸೂಪನ್ನು ಕ್ಯಾರಿಯರಿನಲ್ಲಿ ತಂದು, ಕುಡಿದು ಮುಗಿಸುವವರೆಗೂ ಮಂಚದ ಪಕ್ಕದಿಂದ ಅಲುಗಲಿಲ್ಲ. ಹೊರಡುವಾಗ ಚೀಲದಿಂದ ಇನ್ನೊಂದು ವಸ್ತು ತೆಗೆದು ಮೇಜಿನ ಮೇಲಿಟ್ಟರು. ಉಪ್ಪಿನಕಾಯಿ ಬಾಟಲಿ. ಬಾಯಿಗೆ ಬಟ್ಟೆ, ಕೆಂಪು ದಾರ. “ಅಕ್ಕನ ಕೈದು. ಹೋದ ವರ್ಷದ್ದು. ನಿನಗೇ ಬೇಕಾಗ್ತೈತೆ ಅಂತ ತಂದೆ” ಎಂದರು. ದಾರ ಬಿಚ್ಚಿಯೇ ಇರಲಿಲ್ಲ. ನಾನು ಮುಖ ನೋಡಿದೆ. ಅವರು ಕಿಟಕಿ ನೋಡಿದರು. “ಬಹಳ ಘಾಟು ಬೇಟಿ. ಗಂಟಲಲ್ಲಿ ಇಳೀತಿರ್ಲಿಲ್ಲ. ಕುಡಿದ್ಯಾ ಅಂತ ಅಕ್ಕ ಕೇಳಿದ್ರೆ ಹೂಂ ಅಂತಿದ್ದೆ. ಅಷ್ಟು ಪ್ರೀತಿಯಿಂದ ತರೋರ್ಗೆ ಇಲ್ಲ ಅನ್ನೋಕಾಗ್ತದಾ?”

ಗೌರಮ್ಮನಿಗೆ ಈ ಸಂಗತಿ ಹೇಳಿದೆ. ಅವರು ನೆಟ್ಟಗೆ ಮನೆಗೆ ಹೋಗಿ ಎರಡು ಬಾಟಲಿ ತಂದಿಟ್ಟರು. ಉಳಿದ ಮೂರು ಮನೆಯಿಂದಲೂ ಬಂದು ಸಂಜೆಯ ಹೊತ್ತಿಗೆ ನನ್ನ ಮೇಜಿನ ಮೇಲೆ ಏಳು ಬಾಟಲಿಗಳು, ಏಳಕ್ಕೂ ಅದೇ ಬಿಚ್ಚದ ಗಂಟು. ಇಷ್ಟು ವರ್ಷ ಈ ಐದು ಮನೆಯವರು ಕಾಯುತ್ತಿದ್ದದ್ದು ಅತ್ತೆಯನ್ನು. ಅತ್ತೆಗೂ ಅದು ಗೊತ್ತಿತ್ತೋ ಏನೋ, ಕೇಳೋಣವೆಂದರೆ ಅವರಿಲ್ಲ. ಒಂದು ಬಾಟಲಿಯ ದಾರ ಬಿಚ್ಚಿದೆ. ಕಟ್ಟಿದ ಮೂಗಿಗೂ ಆ ವಾಸನೆ ಹೊಕ್ಕಿತು. ಹಿತ್ತಲು, ಒರಳು, ಸೆರಗು ಸಿಕ್ಕಿಸಿಕೊಂಡು ಕೂತ ಅತ್ತೆ. ನಾನು ಮಂಚದ ಮೇಲೆ ಕೂತು ಬಹಳ ಹೊತ್ತು ಅಳುತ್ತಿದ್ದೆ. ಆಮೇಲೆ ಕಷಾಯ ಮಾಡಿಕೊಂಡು ಒಂದು ಗುಟುಕು ಕುಡಿದೆ, ಎರಡನೆಯದು ಆಗಲಿಲ್ಲ. ಇದು ನನಗೆ ಹೊಸದೇನೂ ಅಲ್ಲ. ಅವರು ಫ್ಲಾಸ್ಕಿಗೆ ಹಾಕಿಕೊಟ್ಟ ಕಷಾಯವನ್ನೆಲ್ಲ ನಾನು ಸ್ಕೂಲಿನ ದಾಸವಾಳದ ಗಿಡಕ್ಕೆ ಸುರಿಯುತ್ತಿದ್ದವಳೇ.

ಮೂರು ದಿನ ಮಲಗಿ, ಸಾರು ಸೂಪು ಕುಡಿದು, ಡಾಕ್ಟರು ಕೊಟ್ಟ ಮಾತ್ರೆ ನುಂಗಿ ನಾಲ್ಕನೆಯ ದಿನ ಸ್ಕೂಲಿಗೆ ಹೋದೆ. ಹಿಂದಿ ಹೇಳಿಕೊಡುವ ಶಾಲಿನಿ, ಎರಡು ವಾರದಿಂದ ಕೆಮ್ಮುತ್ತಿದ್ದವಳು, “ಅಷ್ಟು ಬೇಗ ಹೇಗೆ ವಾಸಿಯಾಯ್ತು ಮೇಡಂ?” ಎಂದು ಕೇಳಿದಳು. “ನಮ್ಮತ್ತೆ ಪುಡಿ ಕಣಮ್ಮ” ಎಂದೆ. ನಾಲಗೆ ತಡವರಿಸಲೇ ಇಲ್ಲ. ತನಗೂ ಸ್ವಲ್ಪ ಬೇಕೆಂದಳು. ಭಾನುವಾರ ಸಂಜೆ ಮನೆಗೇ ತರುತ್ತೇನೆ, ಒಂದು ಗಂಟೆ ಬಿಡುವು ಮಾಡಿಕೋ ಎಂದಿದ್ದೇನೆ. ಅವಳಿಗೆ ಕೊಡುವುದು ನಾನು ಕುಟ್ಟಿದ್ದನ್ನು. ಅತ್ತೆಯ ಏಳು ಬಾಟಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅದನ್ನು ಯಾರಿಗೂ ಕೊಡುವುದಿಲ್ಲ, ಕುಡಿಯುವುದಂತೂ ಇಲ್ಲವೇ ಇಲ್ಲ.