ಓಣಿಯ ಆರೋಗ್ಯ ಅಳೆಯಲು ಹೋಗಿ

ಅಳತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಗಟ್ಟಿ ನಂಬಿಕೆ ನನಗಿತ್ತು. ಗಜೇಂದ್ರಗಡದ ನಮ್ಮ ಮನೆಯಲ್ಲಿ ನಮ್ಮವರು ಹಿಂದಿನ ಕೋಣೆಯಲ್ಲಿ ಕೈಮಗ್ಗದ ಸೀರೆ ನೇಯುತ್ತಾರೆ, ನಾನು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಓಣಿಯ ಅಷ್ಟೂ ಹೆಂಗಸರ ತೋಳು, ಬೆನ್ನು, ಸೊಂಟ ನನ್ನ ಟೇಪಿಗೆ ಬಾಯಿಪಾಠ. ಹೀಗಿರುವಾಗ, ರೋಣದಲ್ಲಿ ಮಹಿಳಾ ಸಂಘಗಳಿಗೆ ಆರೋಗ್ಯದ ತರಬೇತಿ ಇದೆ, ನಮ್ಮ ಸಂಘದಿಂದ ಒಬ್ಬರು ಹೋಗಬೇಕು ಎಂಬ ಮಾತು ಬಂದಾಗ ನಾನು ಕೈ ಎತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಕೈಯನ್ನು ಯಾರಾದರೂ ಹಿಡಿದು ಕೆಳಗಿಳಿಸಬೇಕಿತ್ತು. ಇಳಿಸಲಿಲ್ಲ.

ತರಬೇತಿ ಕೊಡಲು ಬಂದಿದ್ದ ಮೇಡಂ ಬಹಳ ಚೆನ್ನಾಗಿ ಮಾತನಾಡಿದರು. ಜಡ್ಡು ಇಲ್ಲ ಅಂದಮಾತ್ರಕ್ಕೆ ಆರೋಗ್ಯ ಇದೆ ಎಂದಲ್ಲವಂತೆ! ಆರೋಗ್ಯಕ್ಕೆ ಹಲವು ಮಗ್ಗಲುಗಳಿವೆಯಂತೆ. ದೇಹ ಒಂದು, ಮನಸ್ಸು ಒಂದು, ಸುತ್ತಲಿನವರ ಜೊತೆ ನಾವು ಹೇಗೆ ಬಾಳುತ್ತೇವೆ ಎಂಬುದು ಇನ್ನೊಂದು. ದೇಹವನ್ನು ತೂಕ, ಸೊಂಟದ ಸುತ್ತಳತೆ, ಬಿಪಿ ಇವುಗಳಿಂದ ನೋಡಬಹುದು. ಮನಸ್ಸಿಗೆ ಯಂತ್ರವಿಲ್ಲ, ಕೇಳಿಯೇ ತಿಳಿಯಬೇಕು. "ನಿಮ್ಮ ಬದುಕಿನ ಬಗ್ಗೆ, ಮನೆಯವರ ಬಗ್ಗೆ ನಿಮಗೆ ಎಷ್ಟು ಸಮಾಧಾನ ಇದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ" ಎಂದು ಕೇಳುವುದು. ಇನ್ನು ಸಮಾಜದ ಮಗ್ಗಲಿಗೆ, "ಕಷ್ಟ ಬಂದರೆ ಯಾರನ್ನು ಕರೆಯುತ್ತೀರಿ?" ಎಂಬ ಪ್ರಶ್ನೆ. ಇಂಥದ್ದನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಗುಟ್ಟಾಗಿ, ಕಲಿತವರು ಕೇಳಬೇಕು ಎಂದೂ ಅವರು ಹೇಳಿದರಂತೆ. ಆ ಹೊತ್ತಿಗೆ ಚಹಾ ಬಂದಿತ್ತು. ನನಗೆ ಕೇಳಿಸಲಿಲ್ಲ.

ಕೊನೆಗೆ ಮೇಡಂ, "ಇದನ್ನೆಲ್ಲ ನಿಮ್ಮ ಓಣಿಯವರಿಗೆ ತಿಳಿಸಿ" ಎಂದರು. ತಿಳಿಸಿ ಎಂದಷ್ಟೇ ಹೇಳಿದ್ದು. ನಾನು ಕೇಳಿಸಿಕೊಂಡಿದ್ದು ಅಳೆಯಿರಿ ಎಂದು!

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಔಷಧದ ಅಂಗಡಿಗೆ ನುಗ್ಗಿ ಬಿಪಿ ಯಂತ್ರ ಕೊಂಡೆ. ಮನೆಗೆ ಬಂದರೆ ನಮ್ಮವರು ಮಗ್ಗದಿಂದ ತಲೆ ಎತ್ತಿ ಡಬ್ಬಿ ನೋಡಿದರು.

"ಯಾರಿಗೇನ್ ಆಗೇತಿ?"

"ಯಾರಿಗೂ ಏನೂ ಆಗಿಲ್ಲ. ಏನೂ ಆಗದಿರೋದ ಆರೋಗ್ಯ ಅಲ್ರಿ!"

"ಹಂಗಂದ್ರ ಏನರ ಆಗಬೇಕಂತೀ?"

ಇಂಥ ಅಡ್ಡ ಮಾತಿಗೆ ವೈಜ್ಞಾನಿಕ ಮನೋಭಾವದವರು ಉತ್ತರ ಕೊಡಬಾರದು. ನಾನು ನೇರವಾಗಿ ಮೊದಲ ಪ್ರಯೋಗಕ್ಕಿಳಿದೆ. "ಮನೀ ಮಂದಿ ಬಗ್ಗೆ ನಿಮಗ ಎಷ್ಟ ಸಮಾಧಾನ ಐತಿ? ಹತ್ತರೊಳಗ ಹೇಳ್ರಿ."

ಅವರು ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಒಮ್ಮೆ ಹಾಯಿಸಿ, "ಏಳು" ಎಂದರು.

"ಏಳಾ? ಉಳಿದ ಮೂರು ಎಲ್ಲಿ ಹೋದ್ವು?"

"ಏಳಂದ್ರ ಫಸ್ಟ್ ಕ್ಲಾಸ್ ಅಲ್ಲೇನ ಶೈಲಾ! ನಾನು ಸಾಲ್ಯಾಗ ಇಷ್ಟು ಮಾರ್ಕ್ಸ್ ಯಾವತ್ತೂ ನೋಡಿಲ್ಲ."

ಆ ಸಂಜೆ ನಮ್ಮ ಮನೆಯಲ್ಲಿ ಅನ್ನ ಮಾತ್ರ ಇತ್ತು. ಸಾರು ಇರಲಿಲ್ಲ. ಇಲ್ಲಿಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಗಂಡನಿಂದ ಬಂದ ಅಂಕವನ್ನು ಯಾವ ಹೆಂಡತಿ ತಾನೇ ವಿಜ್ಞಾನ ಎಂದು ಒಪ್ಪುತ್ತಾಳೆ? ಇವರ ಉತ್ತರವೇ ಸರಿಯಿಲ್ಲ, ನನ್ನ ಪ್ರಶ್ನೆ ಸರಿಯಾಗಿಯೇ ಇದೆ ಎಂದು ತೀರ್ಮಾನಿಸಿದೆ.

ರವಿವಾರ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಮೇಜು, ಅದರ ಮೇಲೊಂದು ಹೊಸ ದುಪ್ಪಟಿ, ಯಂತ್ರ, ಟೇಪು, ಎದುರಿಗೊಂದು ಕುರ್ಚಿ! ಓಣಿಗೆ ಓಣಿಯೇ ಬಂತು. ಪುಕ್ಕಟೆ ಎಂದರೆ ನಮ್ಮ ಓಣಿಯವರು ಇಂಜೆಕ್ಷನ್ನನ್ನೂ ಬೇಡ ಎನ್ನುವುದಿಲ್ಲ.

ಮೊದಲು ಕುರ್ಚಿಗೆ ಬಂದವಳು ಗಂಗವ್ವ. ಕಾಳಿನ ವ್ಯಾಪಾರಿಗಳ ಮನೆಯಾಕೆ, ತೂಕದ ಹೆಂಗಸು. ನಾನು ಅಭ್ಯಾಸಬಲದಿಂದ ಸೊಂಟಕ್ಕೆ ಟೇಪು ಸುತ್ತಿ, ರವಿಕೆ ಹೊಲಿಯುವಾಗ ಒಳಗೆ ಕೂತು ಬರೆದುಕೊಳ್ಳುವ ಹುಡುಗಿಗೆ ಕೂಗಿ ಹೇಳುವಂತೆ ಅಳತೆಯನ್ನು ಗಟ್ಟಿಯಾಗಿ ಕೂಗಿಬಿಟ್ಟೆ. ಬರೆದುಕೊಳ್ಳುವ ಹುಡುಗಿ ಅಂದು ಇರಲಿಲ್ಲ. ಗಂಗವ್ವನ ಸೊಸೆ ಇದ್ದಳು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸೊಂಟ ಭಾಳ ಆತು ಗಂಗಕ್ಕ, ಇದು ಆರೋಗ್ಯಕ್ಕ ಚಲೋ ಅಲ್ಲ" ಎಂದೆ.

ಗಂಗವ್ವ ಎದ್ದು ನಿಂತಳು. "ದೀಪಾವಳಿಗೆ ನೀ ಹೊಲಿದ ಜಂಪರ್ ಬಿಗಿ ಆದಾಗ ಅರಿವಿ ಕುಗ್ಗೇತಿ ಅಂದಿದ್ದಿ! ಈಗ ನಾ ಹಿಗ್ಗೀನೇನು?"

ಮಾತು ಬದಲಿಸಬೇಕೆಂದು ನಾನು ಸಮಾಜದ ಮಗ್ಗಲಿಗೆ ಜಿಗಿದೆ. "ಇರ್ಲಿ, ಕಷ್ಟಕಾಲಕ್ಕ ನೀವು ಯಾರನ್ನ ಕರೀತೀರಿ?"

"ಯಾರನ್ನರ ಕರೀತೀನಿ, ನಿನ್ನ ಬಿಟ್ಟು!"

ಹೊರಟೇ ಹೋದಳು. ಸಮಾಜದ ಆರೋಗ್ಯ ಅಲ್ಲಿಗೆ ಒಂದು ಮೆಟ್ಟಿಲು ಇಳಿಯಿತು. ಜನ ಆಚೀಚೆ ನೋಡತೊಡಗಿದರು. ಶಿಬಿರ ಬಿದ್ದುಹೋಗುವುದರೊಳಗೆ ಒಂದು ಒಳ್ಳೆಯ ಉದಾಹರಣೆ ತೋರಿಸಬೇಕಿತ್ತು. ನನ್ನ ಕಣ್ಣು ಎದುರು ಮನೆಯ ನೀಲವ್ವ ಮತ್ತು ಶಂಕ್ರಪ್ಪಣ್ಣನ ಮೇಲೆ ಬಿತ್ತು.

ಓಣಿಯಲ್ಲಿ ಜಗಳವಿಲ್ಲದ ಜೋಡಿ ಎಂದರೆ ಅವರದೊಂದೇ. ಶಂಕ್ರಪ್ಪಣ್ಣ ನೇಯುತ್ತಾನೆ, ನೀಲವ್ವ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ. ಹಗಲೆಲ್ಲ ಮಗ್ಗದ ಸದ್ದಿನಲ್ಲೇ ಇದ್ದು ಅವನ ಕಿವಿ ಸ್ವಲ್ಪ ಮಂದ. ಅವಳೋ ಮೆಲುದನಿಯವಳು. ಆದರೂ ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಲೇ ಇರುತ್ತಾರೆ.

"ನೀಲವ್ವಾ, ಮನೀ ಮಂದಿಗೆ ಹತ್ತರಾಗ ಎಷ್ಟು ಕೊಡ್ತಿ?" ಎಂದು ಕೇಳಿದೆ.

ನೀಲವ್ವ ನಾಚಿಕೊಂಡು ಗಂಡನತ್ತ ನೋಡಿ, "ಹತ್ತಕ್ಕ ಹತ್ತು" ಎಂದಳು. ಚಪ್ಪಾಳೆ! ನನ್ನ ಉತ್ಸಾಹ ನಮ್ಮೂರ ಗುಡ್ಡದ ಮೇಲಿನ ಕೋಟೆಗೇರಿತು. ಶಂಕ್ರಪ್ಪಣ್ಣನ ಕಿವಿಯ ಹತ್ತಿರ ಬಾಗಿ ಕೂಗಿದೆ: "ಅಣ್ಣಾ, ನಿಮ್ಮ ಮನೀ ಮಂದಿ, ಹತ್ತರಾಗ ಎಷ್ಟು?"

ಅವನು ಬಾಯಿತುಂಬ ನಕ್ಕು, ಇಡೀ ಓಣಿಗೆ ಕೇಳುವಂತೆ ಹೇಳಿದ: "ಆರು!"

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ನೀಲವ್ವನ ಮುಖ ನೋಡಲಾಗಲಿಲ್ಲ. ಯಾರೋ, "ಪಾಸ್ ಆಗ್ಯಾಳ ಬಿಡ್ರಿ" ಎಂದು ಸಮಾಧಾನ ಹೇಳಹೋದರು. ಅದೇ ಕೊನೆಯ ಪೆಟ್ಟು. ಮಧ್ಯಾಹ್ನದ ಬಸ್ಸಿಗೆ ನೀಲವ್ವ ಮುಶಿಗೇರಿಯ ತವರುಮನೆಗೆ ಹೊರಟುಹೋದಳು!

ಮರುದಿನ ಎದುರು ಮನೆಯ ಮಗ್ಗ ಸದ್ದು ಮಾಡಲಿಲ್ಲ. ಅರ್ಧ ನೇಯ್ದ ಸೀರೆ ಹಾಗೇ ಇತ್ತು. ನಾನು ಹೋಗಿ ನೋಡಿದರೆ ಶಂಕ್ರಪ್ಪಣ್ಣ ಅದರ ಮುಂದೆ ಸುಮ್ಮನೆ ಕೂತಿದ್ದ. ಅವನ ತಾಯಿ ಬಡಿಸಿಟ್ಟ ರೊಟ್ಟಿ ಹಿಂದಿನ ದಿನದಿಂದಲೂ ಹಾಗೇ ಉಳಿದಿತ್ತಂತೆ.

"ಶೈಲಕ್ಕ, ನೀಲಾ ಯಾಕ ಹೋದ್ಲು? ಫೋನ್ ಮಾಡಿದ್ರ ಕಟ್ ಮಾಡ್ತಾಳ. ನಿಮಗೇನರ ಹೇಳ್ಯಾಳೇನು?"

ಹತ್ತಕ್ಕೆ ಆರು ಕೊಟ್ಟು ಹೀಗೆ ಕೇಳುತ್ತಾನಲ್ಲ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. ಏನು ಹೇಳಬೇಕೆಂದು ತಿಳಿಯದಿದ್ದಾಗ ಮನುಷ್ಯರು ನೀರು ಕೊಡುತ್ತಾರೆ. ನಾನು ಬಿಪಿ ಯಂತ್ರ ತಂದೆ. ಅವನ ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದೆ. ಯಂತ್ರ ಗುರ್ ಎಂದಿತು, ಉಬ್ಬಿತು, ಉಸ್ಸೆಂದಿತು. ಪರದೆಯ ಮೇಲೆ ಅಂಕಿಯೇ ಬರಲಿಲ್ಲ! ಇಂಗ್ಲಿಷಿನ ಇ ಅಕ್ಷರವೊಂದು ಮಿಣುಕತೊಡಗಿತು.

ಇ? ಇ ಅಂದರೇನು? ದವಾಖಾನೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದಿರುತ್ತಾರಲ್ಲ, ಅದರ ಮೊದಲ ಅಕ್ಷರ. ಎಮರ್ಜೆನ್ಸಿ!

"ಅಯ್ಯಯ್ಯೋ, ಬರ್ರೋ! ಶಂಕ್ರಪ್ಪಣ್ಣಗ ಎಮರ್ಜೆನ್ಸಿ ಆಗೇತಿ!"

ಆಮೇಲೆ ನಡೆದದ್ದೆಲ್ಲ ಬಿರುಗಾಳಿ. ನಮ್ಮವರು ಮಗ್ಗದ ಕುಣಿಯಿಂದ ಜಿಗಿದು ಬಂದರು. ಮುನಿಸಿಕೊಂಡಿದ್ದ ಗಂಗವ್ವ ಎಲ್ಲಿದ್ದಳೋ, ಓಣಿಯ ಬಾಯಿಗೆ ಅಡ್ಡ ನಿಂತು ಒಂದು ಆಟೋವನ್ನು ತನ್ನ ಮೈಯಿಂದಲೇ ತಡೆದಳು. "ನನಗೇನ್ ಆಗೇತ್ರಿ?" ಎಂದು ಶಂಕ್ರಪ್ಪಣ್ಣ ಕೇಳುತ್ತಲೇ ಇದ್ದ. "ಮಾತಾಡಬ್ಯಾಡ್ರಿ, ದಣಿವಾಗ್ತೈತಿ!" ಎಂದು ನಾವು ಅವನನ್ನು ಮಲಗಿಸಿ ಹಿಡಿದುಕೊಂಡೆವು. ಯಾರೋ ಮುಶಿಗೇರಿಗೆ ಫೋನ್ ಮಾಡಿದರು. ಏನು ಹೇಳಿದರೋ ಗೊತ್ತಿಲ್ಲ. ಅಲ್ಲಿಗೆ ಮುಟ್ಟುವುದರೊಳಗೆ ಸುದ್ದಿ ಇನ್ನಷ್ಟು ಕೆಟ್ಟಿತ್ತು.

ದವಾಖಾನೆಯ ಡಾಕ್ಟರು ಶಾಂತ ಮನುಷ್ಯರು. ತಮ್ಮ ಯಂತ್ರದಿಂದ ನೋಡಿದರು, ಎದೆ ಕೇಳಿದರು, ಇಸಿಜಿ ಚೀಟಿಯನ್ನೂ ತೆಗೆದು ನೋಡಿದರು. ಬಳಿಕ ನನ್ನ ಯಂತ್ರವನ್ನು ತಿರುಗಿಸಿ ನೋಡಿ ಕೇಳಿದರು: "ಈ ಪಟ್ಟಿ ಯಾರ ಕಟ್ಟಿದ್ದು?"

"ನಾನ್ರಿ" ಎಂದೆ, ಪ್ರಾಣ ಉಳಿಸಿದವಳ ವಿನಯದಿಂದ.

"ಉಲ್ಟಾ ಕಟ್ಟೀರಿ. ಇ ಅಂದ್ರ ಎಮರ್ಜೆನ್ಸಿ ಅಲ್ರಿ, ಎರರ್. ತಪ್ಪಾಗೇತಿ, ಮತ್ತೊಮ್ಮೆ ನೋಡ್ರಿ ಅಂತ. ಇವರಿಗೆ ಏನೂ ಆಗಿಲ್ಲ. ಹಸಿವಿ ಆಗೇತಿ."

ಹಾಗಾಗಿ ನೀಲವ್ವ ತನ್ನ ತಮ್ಮನ ಬೈಕಿನಿಂದಿಳಿದು, ಕೆದರಿದ ಕೂದಲಿನಲ್ಲಿ ಓಡಿಬಂದಾಗ, ಸಾವಿನ ಬಾಗಿಲಲ್ಲಿದ್ದ ಗಂಡ ಮಂಚದ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಅವಳು ಅದನ್ನು ನೋಡಲೂ ಇಲ್ಲ. ಅವನ ಕಾಲು ಹಿಡಿದು ಗೋಳೋ ಎಂದಳು.

"ಆರಲ್ಲ, ಮೂರ ಕೊಟ್ರೂ ನಿಮ್ಮ ಕೂಡ ಇರ್ತೀನ್ರಿ! ಸೊನ್ನೀ ಕೊಡ್ರಿ ಬೇಕಾರ!"

ಮೆಲುದನಿಯ ನೀಲವ್ವ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಶಂಕ್ರಪ್ಪಣ್ಣನಿಗೆ ಪ್ರತಿ ಅಕ್ಷರ ಕೇಳಿಸಿತು. ಅವನು ಬಾಳೆಹಣ್ಣು ಕೆಳಗಿಟ್ಟ.

"ಯಾತರ ಆರು?"

"ನಿನ್ನೆ ನೀವ ಹೇಳಿದ್ರಲ್ಲಾ... ಎಲ್ಲಾರ ಮುಂದ... ಶೈಲಕ್ಕ ಕೇಳಿದಾಗ..."

"ಹೌದು, ಆರು! ಮನ್ಯಾಗ ಮಂದಿ ಎಷ್ಟ ಅಂತ ಕೇಳಿದ್ರು. ನಾನು, ನೀನು, ಅವ್ವ, ತಮ್ಮ, ಎರಡು ಹುಡುಗ್ರು. ಆರಲ್ಲೇನು? ಹೆಚ್ಚಿಗಿ ಯಾರರ ಬಂದಾರೇನು?"

ನೀಲವ್ವ ಅಳುತ್ತ ಅಳುತ್ತಲೇ ನಗಲು ಶುರುಮಾಡಿದಳು. ಗಂಗವ್ವ ನಕ್ಕ ನಗೆಗೆ ಪಕ್ಕದ ಮಂಚದ ರೋಗಿ ಎದ್ದು ಕೂತ. ಆಮೇಲೆ ಎಲ್ಲರ ಕಣ್ಣೂ ನಿಧಾನವಾಗಿ ನನ್ನ ಕಡೆ ತಿರುಗಿತು. ನನಗೆ ಬೆವರು ಹರಿಯುತ್ತಿತ್ತು. ಹೊರಗೆ ಜಾರಿಕೊಳ್ಳೋಣವೆಂದು ಬಾಗಿಲತ್ತ ಹೆಜ್ಜೆ ಹಾಕಿದೆ.

"ಅಕ್ಕಾರ, ಒಂದ್ನಿಮಿಷ ಕುಂಡ್ರಿ. ನಿಮ್ಮ ಮಾರಿ ಭಾಳ ಕೆಂಪಾಗೇತಿ" ಎಂದು ಡಾಕ್ಟರು ಕರೆದರು.

ಕೂತೆ. ಪಟ್ಟಿ ಕಟ್ಟಿದರು, ಈ ಸಲ ಸರಿಯಾಗಿ. ನೋಡಿದರು. ನೀರು ಕುಡಿಸಿ, ಸುಮ್ಮನೆ ಕೂರಿಸಿ, ಮತ್ತೆ ನೋಡಿದರು. ನಾಳೆಯೂ ಬನ್ನಿ ಎಂದರು. ಮರುದಿನ ಹೋದಾಗ ಯಾವ ಗಲಾಟೆಯೂ ಇರಲಿಲ್ಲ, ಬೆವರೂ ಇರಲಿಲ್ಲ. ಆದರೂ ಅವರು ಯಂತ್ರ ನೋಡಿ ತಲೆಯಾಡಿಸಿದರು.

"ಇದು ಎರರ್ ಅಲ್ರಿ, ಖರೇನ ಬಿಪಿ ಐತಿ. ಮೊದಲ ಯಾವಾಗರ ನೋಡಿಸಿದ್ರೇನು?"

ಇಡೀ ಓಣಿಯನ್ನು ಅಳೆದಿದ್ದೆ. ಒಬ್ಬಳನ್ನು ಬಿಟ್ಟು!

ನಿತ್ಯ ಗುಳಿಗೆ, ಉಪ್ಪು ಕಡಿಮೆ, ಕರಿದದ್ದು ಬಂದ್, ಬೆಳಿಗ್ಗೆ ವಾಕಿಂಗ್ ಎಂದು ಡಾಕ್ಟರು ಆಜ್ಞೆ ಮಾಡಿದರು. ಅದನ್ನು ನನಗೆ ಮಾತ್ರ ಹೇಳಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಜೊತೆಗೆ ನಮ್ಮವರು ಇದ್ದರು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಈಗ ನನ್ನ ಆರೋಗ್ಯ ನನ್ನೊಬ್ಬಳ ಆಸ್ತಿಯಾಗಿ ಉಳಿದಿಲ್ಲ. ಬೆಳಕು ಹರಿಯುವ ಮೊದಲೇ ಗಂಗವ್ವ ಬಾಗಿಲು ಬಡಿದು ನನ್ನನ್ನು ಗುಡ್ಡದ ದಾರಿಗೆ ಎಳೆದೊಯ್ಯುತ್ತಾಳೆ. ನಾನು ಏದುಸಿರು ಬಿಡುತ್ತ ಹಿಂದೆ, ಅವಳು ಕೈ ಬೀಸುತ್ತ ಮುಂದೆ! ನೀಲವ್ವ ಮಧ್ಯಾಹ್ನ ಬಂದು ನಮ್ಮ ಪಲ್ಯದ ರುಚಿ ನೋಡುತ್ತಾಳೆ. ಉಪ್ಪು ಸರಿಯಾಗಿದೆ ಅನ್ನಿಸಿದರೆ ಬೈಯುತ್ತಾಳೆ.

ಹೋದ ವಾರ ನನ್ನಿಂದ ತಡೆಯಲಾಗಲಿಲ್ಲ. ನಮ್ಮ ಓಣಿಯ ಕಡೆ ಬೇಡವೆಂದು, ಬಸ್ ಸ್ಟ್ಯಾಂಡಿನ ಆಚೆ ನನ್ನ ಗುರುತೇ ಇಲ್ಲದ ಒಂದು ಮಿರ್ಚಿ ಬಂಡಿಗೆ ಹೋದೆ. ಮುಖ ಕಾಣದಂತೆ ತಲೆತುಂಬ ಸೆರಗು ಹೊದ್ದು, ದನಿ ಬದಲಿಸಿ, "ಒಂದ್ ಪ್ಲೇಟ್ ಮಿರ್ಚಿ ಕಟ್ರಿ" ಎಂದೆ.

ಬಂಡಿಯವನು ಕರಿಯುವ ಜಾರೆ ಸೌಟನ್ನು ಎಣ್ಣೆಯಲ್ಲೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇಲ್ರಿ ಅಕ್ಕಾರ, ಕೊಡಂಗಿಲ್ರಿ."

"ಯಾಕ? ನಾ ಯಾರಂತ ನಿಮಗ ಗೊತ್ತೈತೇನು?"

"ಗೊತ್ತಿಲ್ರಿ. ಆದ್ರ ತಲಿ ಮ್ಯಾಲ ಸೆರಗ ಹೊದ್ಕೊಂಡು, ದನೀ ಬದಲಿ ಮಾಡಿ ಒಬ್ಬಾಕಿ ಬರ್ತಾಳ, ಕೊಡಬ್ಯಾಡ ಅಂತ ಗಂಗವ್ವಾರು ಹೇಳಿ ಹೋಗ್ಯಾರ್ರಿ."

ಚುರುಮರಿ ಕಟ್ಟಿಸಿಕೊಂಡು ಬಂದೆ. ಅದಕ್ಕೂ ಅವನು ಉಪ್ಪು ಹಾಕಲಿಲ್ಲ!