ಟೇಲರ್ ಅತ್ತೆ, ಟ್ರೇಲರ್ ಅಳಿಯ

"ಲಾರಿ ಯಾಕೆ? ನಾನಿಲ್ವಾ?"

ಈ ಮಾತು ಆಡಿದಾಗ ನನ್ನ ಧ್ವನಿಯಲ್ಲಿದ್ದ ಗಾಂಭೀರ್ಯಕ್ಕೆ ನನಗೇ ರೋಮಾಂಚನವಾಯಿತು. ಸಾಮ್ರಾಜ್ಯ ಗೆಲ್ಲಲು ಹೊರಟವರೂ ಹೀಗೇ ಮಾತಾಡಿರಬೇಕು! ನಾನು ಗೆಲ್ಲಬೇಕಿದ್ದದ್ದು ಸಾಮ್ರಾಜ್ಯವನ್ನಲ್ಲ, ನಮ್ಮತ್ತೆಯ ಮೆಚ್ಚುಗೆಯನ್ನು. ಎರಡರಲ್ಲಿ ಯಾವುದು ಕಷ್ಟವೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮತ್ತೆ ಟೇಲರ್. ಇಷ್ಟು ವರ್ಷ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಕೂತು ಊರವರಿಗೆಲ್ಲ ಹೊಲಿದುಕೊಟ್ಟವರು. ಈಗ ಗುಡ್ಡದಾಚೆಯ ದೊಡ್ಡ ಊರಿನ ಮುಖ್ಯರಸ್ತೆಯಲ್ಲಿ ಅವರಿಗೊಂದು ಅಂಗಡಿ ಸಿಕ್ಕಿತ್ತು. ಗಾಜಿನ ಬಾಗಿಲು, ಮೇಲೆ ಅವರದೇ ಬೋರ್ಡು. ಮರುದಿನ ಬೆಳಿಗ್ಗೆ ಅಂಗಡಿ ಶುರು ಎಂದು ಎಲ್ಲರಿಗೂ ಹೇಳಿಯಾಗಿತ್ತು. ಸಾಮಾನು ಸಾಗಿಸಲು ಲಾರಿ ಕಳಿಸುತ್ತೇನೆಂದು ನನ್ನ ಷಡ್ಡಕ ಫೋನ್ ಮಾಡಿದ. ನೋಡಿ, ಅಲ್ಲೇ ನನಗೆ ಕಿಚ್ಚು ಹತ್ತಿದ್ದು. ಷಡ್ಡಕನ ಲಾರಿಯಲ್ಲಿ ಅತ್ತೆಯ ಸಾಮಾನು! ನನ್ನ ಪುಟ್ಟ ಎಸ್‌ಯುವಿ ಮನೆ ಮುಂದೆ ಕೊಬ್ಬಿದ ಗೂಳಿಯ ಹಾಗೆ ನಿಂತಿರುವಾಗ!

"ರೀ, ನಮ್ಮ ಕಾರಲ್ಲಿ ತರಕಾರಿ ಚೀಲ ಇಟ್ರೇ ಮೊಣಕಾಲು ಗಲ್ಲಕ್ಕೆ ಬರುತ್ತೆ. ಇನ್ನು ಅಂಗಡಿ ಹೇಗೆ ಹಿಡಿಸುತ್ತೆ?" ಎಂದಳು ಹೆಂಡತಿ.

"ಹಿಡಿಸೋದಲ್ಲ ಕಣೇ, ಎಳೆಯೋದು! ಟ್ರೇಲರ್! ನಿಮ್ಮಮ್ಮ ಟೇಲರ್, ನಾನು ಟ್ರೇಲರ್. ನಡುವೆ ಬರೀ ಒಂದು ರಕಾರದ ವ್ಯತ್ಯಾಸ."

"ಆ ರಕಾರದಲ್ಲೇ ಎಲ್ಲಾ ರಾದ್ಧಾಂತ ಇರೋದು" ಎಂದಳು.

ಟ್ರೇಲರ್ ಬಾಡಿಗೆಗೆ ಕೊಡುವವನು ಕಾರಿನ ಹಿಂದಿನ ಕೊಂಡಿಗೆ ಅದನ್ನು ಸಿಕ್ಕಿಸುತ್ತ, "ಸಾರ್, ಭಾರದ ಸಾಮಾನೆಲ್ಲ ಟ್ರೇಲರಿನ ಮುಂಭಾಗದಲ್ಲಿ, ಕಾರಿನ ಕಡೆಗೆ ಹಾಕಿ. ಇಳಿಜಾರಲ್ಲಿ ನಿಧಾನ. ಅಕಸ್ಮಾತ್ ಹಿಂದಿನಿಂದ ಅಲ್ಲಾಡೋಕೆ ಶುರುವಾದ್ರೆ..." ಎಂದು ಪಾಠ ಆರಂಭಿಸಿದ. ನಾನು ಅಷ್ಟರಲ್ಲಿ ಪಕ್ಕದ ಕನ್ನಡಿಯಲ್ಲಿ ನನ್ನ ಹೊಸ ಠೀವಿಯನ್ನು ನೋಡಿಕೊಳ್ಳುತ್ತಿದ್ದೆ. "ಗೊತ್ತು, ಗೊತ್ತು" ಎಂದು ಕೈ ಬೀಸಿದೆ. ಹೆಂಡತಿ ಮಾತ್ರ ಕೊನೆಯವರೆಗೂ ನಿಂತು ಕೇಳಿಸಿಕೊಂಡಳು. ಕೇಳಲಿ ಪಾಪ, ಹೆಂಗಸರಿಗೆ ಇಂಥದ್ದೆಲ್ಲ ಹೊಸದು ಎಂದುಕೊಂಡೆ.

ಸಾಮಾನು ತುಂಬುವ ಕೆಲಸ ಶುರುವಾಯಿತು. ಕಾಲಿನಿಂದ ತುಳಿಯುವ ಹಳೇ ಹೊಲಿಗೆ ಮಿಷನ್ನುಗಳು ಅತ್ತೆಯ ಪ್ರಾಣ. ಅವುಗಳ ಕಬ್ಬಿಣದ ಕಾಲುಗಳನ್ನು ಎತ್ತುವಾಗ ನನ್ನ ಪ್ರಾಣ! ಮೊದಲು ಅವನ್ನು ಮುಂಭಾಗದಲ್ಲೇ ಇಟ್ಟೆವು. ಇಟ್ಟದ್ದೇ ತಡ, ನನ್ನ ಕಾರು ಹಿಂಭಾಗ ಕುಸಿದು, ಬೈಸಿಕೊಂಡ ನಾಯಿ ಕುಕ್ಕರಗಾಲಿನಲ್ಲಿ ಕೂತ ಹಾಗೆ ಕೂತುಬಿಟ್ಟಿತು. ಗೂಳಿ ಎಂದು ಸಾಕಿದ್ದು ಹೀಗೆ ಬೀದಿಯಲ್ಲಿ ಕುಕ್ಕರಿಸಿದರೆ ಯಜಮಾನನಿಗೆ ಹೇಗಾಗಬೇಡ? ಎಲ್ಲ ಇಳಿಸಿ, ಮಿಷನ್ನುಗಳನ್ನು ಟ್ರೇಲರಿನ ತೀರಾ ಹಿಂದಕ್ಕೆ ದೂಡಿದೆ. ಬಟ್ಟೆಯ ಗಂಟುಗಳನ್ನು ಮುಂದೆ ಹಾಕಿದೆ. ಅಂಗಡಿಯ ಎದುರು ನಿಲ್ಲಿಸುವ ಉಡುಪಿನ ಬೊಂಬೆಯನ್ನು ಎಲ್ಲದರ ಮೇಲೆ ಮಲಗಿಸಿ ಟಾರ್ಪಾಲು ಹೊದಿಸಿದೆ. ಕಾರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಿತು.

"ಭಾರ ಮುಂದಕ್ಕೆ ಅಂದ್ರಲ್ರೀ ಅವರು?"

"ಟ್ರೇಲರ್ ಅವನದು, ಕಾರು ನನ್ನದು. ನನ್ನ ಕಾರಿನ ಸೊಂಟ ಮುರಿದ್ರೆ ಅವನು ಬಂದು ಎಣ್ಣೆ ತಿಕ್ತಾನಾ?"

ಅತ್ತೆ ಕತ್ತರಿಗಳ ಚೀಲವನ್ನು ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. "ಅಳಿಯಂದ್ರೇ, ಮಿಷನ್ನಿಗೆ ಏನೂ ಆಗಲ್ಲ ತಾನೆ?"

"ಅತ್ತೆ, ನೀವು ನಿಶ್ಚಿಂತೆಯಾಗಿರಿ. ತೊಟ್ಟಿಲಲ್ಲಿರೋ ಮಗು ಥರ ಬರುತ್ತೆ!"

ತೊಟ್ಟಿಲಿನ ವಿಷಯದಲ್ಲಿ ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು.

ಗುಡ್ಡ ಹತ್ತುವವರೆಗೂ ಎಲ್ಲ ಸುಸೂತ್ರ. ನಾನು ಶಿಳ್ಳೆ ಹಾಕುತ್ತಿದ್ದೆ. ನೆತ್ತಿ ದಾಟಿ ಇಳಿಜಾರು ಸಿಕ್ಕಿತು. ಕಾರಿಗೆ ಉತ್ಸಾಹ ಬಂತು, ನನಗೂ ಬಂತು. ಅಷ್ಟರಲ್ಲಿ ದೊಡ್ಡ ಬಸ್ಸೊಂದು ಗಾಳಿ ಎಬ್ಬಿಸಿಕೊಂಡು ನಮ್ಮನ್ನು ದಾಟಿತು. ಹಿಂದಿನಿಂದ ಯಾರೋ ಕಾರಿನ ಸೊಂಟಕ್ಕೆ ಮೆಲ್ಲಗೆ ತಿವಿದ ಹಾಗಾಯಿತು. ಕನ್ನಡಿ ನೋಡಿದೆ. ಟ್ರೇಲರ್ ಎಡಗಡೆ ಇಣುಕಿತು. ಆಮೇಲೆ ಬಲಗಡೆ ಇಣುಕಿತು. ಎಲ್ಲಿಗೆ ಹೋಗ್ತಿದ್ದೀವಿ ಎಂದು ಎರಡೂ ಕಡೆಯಿಂದ ವಿಚಾರಿಸುವಂತಿತ್ತು!

"ಅಳಿಯಂದ್ರೇ, ಹೊಲಿಗೆ ಸೊಟ್ಟ ಹೋಗ್ತಿದೆ" ಎಂದರು ಅತ್ತೆ, ಬಹಳ ಸಮಾಧಾನದಿಂದ.

"ಗಾಳಿ ಅತ್ತೆ, ಗಾಳಿ!" ಎಂದು ಸ್ಟೇರಿಂಗನ್ನು ಬಲಕ್ಕೆ ಎಳೆದೆ. ಟ್ರೇಲರ್ ಎಡಕ್ಕೆ ಹೋಯಿತು. ಎಡಕ್ಕೆ ಎಳೆದೆ, ಬಲಕ್ಕೆ ಹೋಯಿತು. ನಾನು ಏತಿ ಎಂದರೆ ಅದು ಪ್ರೇತಿ ಎನ್ನುತ್ತಿತ್ತು. ದಾರ ಸಡಿಲವಾದರೆ ಜಗ್ಗಿ ಎಳೆಯಬೇಕಲ್ಲವೇ? ವೇಗ ಹೆಚ್ಚಿಸಿದರೆ ನೆಟ್ಟಗಾದೀತೆಂಬ ಮಹಾಜ್ಞಾನ ಹೊಳೆದು ಆಕ್ಸಿಲರೇಟರ್ ಒತ್ತಿದೆ. ಇಣುಕುತ್ತಿದ್ದದ್ದು ಈಗ ಕುಣಿಯತೊಡಗಿತು! ಗಾಬರಿಯಾಗಿ ಬ್ರೇಕ್ ಅದುಮಿದೆ. ಅಯ್ಯೋ! ಕಾರಿನ ಹಿಂಭಾಗವೇ ಹಾರಿಬಂದು ನನ್ನ ಪಕ್ಕದಲ್ಲಿ ಕೂರುತ್ತದೇನೋ ಎನಿಸಿತು. ರಸ್ತೆಯ ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಏನೂ ಇಲ್ಲ. ಆ ಏನೂ ಇಲ್ಲದ ಬದಿಯೇ ನನ್ನ ಕಣ್ಣಿಗೆ ಹೆಚ್ಚು ಹೆಚ್ಚು ಬೀಳುತ್ತಿತ್ತು.

"ಬ್ರೇಕ್ ಬಿಡ್ರೀ!" ಹೆಂಡತಿ ಕಿರುಚಿದಳು. "ಸ್ಟೇರಿಂಗ್ ತಿರುಗಿಸಬೇಡಿ! ನೆಟ್ಟಗೆ ಹಿಡ್ಕೊಳ್ಳಿ! ಕಾಲು ತೆಗೀರಿ!"

"ಯಾವ ಕಾಲು?"

"ಎರಡೂ!"

ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ನಾನು ಎದುರು ಮಾತಾಡದೆ ಅವಳು ಹೇಳಿದ್ದನ್ನು ಮಾಡಿದೆ. ಎರಡೂ ಕಾಲು ಎತ್ತಿ, ಉಸಿರನ್ನೂ ಬಿಗಿಹಿಡಿದು, ಸ್ಟೇರಿಂಗಿಗೆ ಜೋತುಬಿದ್ದೆ. ಟ್ರೇಲರ್ ಇನ್ನೊಮ್ಮೆ ಅತ್ತ, ಇನ್ನೊಮ್ಮೆ ಇತ್ತ ಓಲಾಡಿತು. ಓಲಾಟ ಸಣ್ಣದಾಯಿತು. ಅಲ್ಲಿ ಇಳಿಜಾರೂ ತುಸು ಸಪಾಟಾಗಿದ್ದರಿಂದ ಕಾರಿನ ವೇಗ ತಾನಾಗಿಯೇ ಇಳಿದು, ಅತ್ತು ಸುಸ್ತಾದ ಮಗುವಿನಂತೆ ಎಲ್ಲವೂ ಸುಮ್ಮನಾಯಿತು. ರಸ್ತೆ ಅಗಲವಾದ ಕಡೆ ಮೆಲ್ಲಗೆ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ನನ್ನ ಹಲ್ಲುಗಳು ಪರಸ್ಪರ ಮಾತಾಡಿಕೊಳ್ಳುತ್ತಿದ್ದವು.

ಅಷ್ಟರಲ್ಲಿ ಬೈಕ್ ಸವಾರನೊಬ್ಬ ಏದುಸಿರು ಬಿಡುತ್ತ ಬಂದು ನನ್ನ ಕಿಟಕಿ ಬಡಿದ. ಮುಖ ಬಿಳಿಚಿಕೊಂಡಿತ್ತು.

"ಸಾರ್! ನಿಮ್ಮ ಮನೆಯವರು ಬಿದ್ದುಹೋದ್ರು! ಹಿಂದೆ, ರಸ್ತೇಲಿ! ಅಲ್ಲಾಡ್ತಾನೇ ಇಲ್ಲ ಸಾರ್!"

ಹೆಂಡತಿ ಈಚೆಗೆ ಬಾಗಿ, "ನಾನಿಲ್ಲೇ ಇದ್ದೀನಲ್ಲ" ಎಂದಳು.

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಅವನ ದನಿ ಬದಲಾಯಿತು. "ಹಾಗಾದ್ರೆ ಆಕೆ ಯಾರು ಸಾರ್?"

"ಅದು ಬೊಂಬೆ ಕಣಪ್ಪಾ!" ಎಂದು ನಾನು ಕೂಗಿದ್ದನ್ನು ಅವನು ನಂಬಲೇ ಇಲ್ಲ. ಟಾರ್ಪಾಲಿನಡಿ ಹೆಂಗಸನ್ನು ಮಲಗಿಸಿಕೊಂಡು ಹೋಗುವವನು ಹೆಂಡತಿಯ ಎದುರು ಇನ್ನೇನು ಹೇಳುತ್ತಾನೆ? ಅತ್ತೆಯೇ ಇಳಿದು ಹೋಗಿ, ಬೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ತಂದು ತೋರಿಸಿದ ಮೇಲೆ ಅವನು ನಿಟ್ಟುಸಿರು ಬಿಟ್ಟು ಹೊರಟ. ಅವನ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿದ್ದಂತೆ ಕಂಡಿತು.

ಅತ್ತೆ ಬೊಂಬೆಯನ್ನು ನನ್ನ ಕೈಗಿತ್ತು ಟ್ರೇಲರಿನ ಹಿಂದಕ್ಕೆ ಹೋದರು. ಟಾರ್ಪಾಲು ಸರಿಸಿ, ಹಳೇ ಮಿಷನ್ನಿನ ಚಕ್ರದ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಿರುಗಿಸಿದರು. ಕಿವಿಗೊಟ್ಟು ಕೇಳಿದರು. ಇನ್ನೊಂದಕ್ಕೂ ಹಾಗೇ ಮಾಡಿದರು. ಆ ಹೊತ್ತು ನನಗೆ ತಮಾಷೆ ಮಾಡುವ ಮನಸ್ಸೇ ಬರಲಿಲ್ಲ. ನನ್ನ ಷಡ್ಡಕನ ಮೇಲಿನ ಹಟಕ್ಕೆ ನಾನು ಈ ಹೆಂಗಸಿನ ಇಡೀ ಬದುಕನ್ನು ಗುಡ್ಡದಿಂದ ಉರುಳಿಸಲಿದ್ದೆ.

"ಪರವಾಗಿಲ್ಲ, ತಿರುಗ್ತಿದೆ" ಎಂದರು ಅತ್ತೆ. ನನ್ನ ಕಣ್ಣು ಯಾಕೋ ಮಂಜಾಯಿತು. ಧೂಳು ಎಂದೆ.

"ಈಗ ಬಿಚ್ಚಿ ಮತ್ತೆ ಜೋಡಿಸೋಣ. ಮಿಷನ್ನೆಲ್ಲ ಮುಂದಕ್ಕೆ, ಬಟ್ಟೆ ಹಿಂದಕ್ಕೆ" ಎಂದಳು ಹೆಂಡತಿ ಸೆರಗು ಸಿಕ್ಕಿಸುತ್ತ. ಎಲ್ಲವನ್ನೂ ಮುಂದಕ್ಕೆ ಎಳೆದು ಹಗ್ಗ ಬಿಗಿದೆವು. ಕಾರು ಮತ್ತೆ ತುಸು ಕುಕ್ಕರಿಸಿತು. ಕುಕ್ಕರಿಸಲಿ ಬಿಡಿ, ಮೇಲಕ್ಕೆ ಹೋಗುವುದಕ್ಕಿಂತ ವಾಸಿ!

ನಾನು ಡ್ರೈವರ್ ಬಾಗಿಲಿಗೆ ಕೈ ಹಾಕಿದೆ. ಬೀಗದ ಕೈ ನನ್ನ ಬೆರಳುಗಳ ನಡುವೆ ಗೆಜ್ಜೆಯ ಹಾಗೆ ಸದ್ದು ಮಾಡುತ್ತಿತ್ತು. ಹೆಂಡತಿ ಅದನ್ನು ಕೇಳಿಸಿಕೊಂಡಳು.

"ನನಗೆ ಸ್ವಲ್ಪ ಕಾಲು ಜೋಮು ಹಿಡಿದಿದೆ" ಎಂದೆ. "ಬೇಕಾದ್ರೆ ನೀನು ಓಡಿಸಬಹುದು."

"ಬೇಕಾಗಿದೆ" ಎಂದು ಬೀಗದ ಕೈ ಕಸಿದುಕೊಂಡಳು.

ಅತ್ತೆ ಮುಂದಿನ ಸೀಟಿಗೆ ಬಂದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಬೊಂಬೆ. ಹೆಂಡತಿ ಎಷ್ಟು ನಿಧಾನವಾಗಿ ಇಳಿಸಿದಳೆಂದರೆ ಒಂದು ಸೈಕಲ್ಲು ನಮ್ಮನ್ನು ದಾಟಿ ಹೋಯಿತು. ಸೈಕಲ್ಲಿನವನು ತಿರುಗಿ ನನ್ನನ್ನೂ ಬೊಂಬೆಯನ್ನೂ ನೋಡಿ ಇನ್ನೇನು ಬೀಳುವವನಿದ್ದ. ಆದರೆ ಟ್ರೇಲರ್? ಗೆರೆ ಎಳೆದ ಹಾಗೆ ಬಂತು! ಅಲುಗಿದ್ದು ಬೊಂಬೆಯ ಕೈ ಒಂದೇ.

ಸಂಜೆಗೆ ಅಂಗಡಿ ತಲುಪಿದೆವು. ಪಕ್ಕದ ಕನ್ನಡಕದ ಅಂಗಡಿಯ ಹೆಂಗಸು ಹೊರಗೆ ಬಂದು ಅತ್ತೆಯನ್ನು ಮಾತಾಡಿಸಿದರು.

"ಅಷ್ಟು ಭಾರದ ಮಿಷನ್ನು ಎಳ್ಕೊಂಡು ಗುಡ್ಡ ಇಳಿದು ಬಂದ್ರಾ? ಯಾರು ಓಡಿಸಿದ್ದು?"

"ನನ್ನ ಮಗಳು" ಎಂದರು ಅತ್ತೆ.

ಆಕೆಯ ಕಣ್ಣು, ಬೊಂಬೆಯನ್ನು ಅಪ್ಪಿಕೊಂಡು ಇಳಿಯುತ್ತಿದ್ದ ನನ್ನ ಮೇಲೆ ಬಿತ್ತು. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಇನ್ನೊಮ್ಮೆ ನೋಡಿದರು. "ಮತ್ತೆ... ಇವರು?"

ನಾನು ಎದೆ ಉಬ್ಬಿಸಿದೆ. ಎಷ್ಟಾದರೂ ಅಳಿಯ, ಅತ್ತೆ ಬಿಟ್ಟುಕೊಡಲಾರರು ಎಂದು ಗೊತ್ತಿತ್ತು. ಬಿಟ್ಟುಕೊಡಲೂ ಇಲ್ಲ. ತುಂಬಾ ಗೌರವದಿಂದಲೇ ಪರಿಚಯ ಮಾಡಿಕೊಟ್ಟರು.

"ಇವರು ನಮ್ಮ ಅಳಿಯಂದ್ರು. ಮುಂದುಗಡೆ ಭಾರ ಇದ್ರೆ ಟ್ರೇಲರ್ ಅಲ್ಲಾಡಲ್ಲ ಅಂತ ಟ್ರೇಲರಿನವನು ಹೇಳಿದ್ದ. ಅದಕ್ಕೇ ಕೂರಿಸ್ಕೊಂಡು ಬಂದ್ವಿ!"